ಎಡಗಣ್ಣಿನ ಒಂಬತ್ತು ಚುಕ್ಕೆಗಳು

ಕೃಷ್ಣರಾಜಪೇಟೆಯ ಅಕ್ಕಸಾಲಿಗ ಪುಟ್ಟಸ್ವಾಮಾಚಾರಿ ಕಳೆದ ವರ್ಷ ಸುಮಾರು ನಾಲ್ಕು ತಿಂಗಳು ಬೆಂಕಿ ಹೊತ್ತಿಸಲಿಲ್ಲ. ಬೀದಿಯಲ್ಲಿ ಇದಕ್ಕೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ಕೈ ನಡುಗುತ್ತದಂತೆ ಎಂದು ಕೆಲವರು, ಅಂಗಡಿ ಮುಚ್ಚಿ ಮಗಳ ಮನೆಗೆ ಹೋಗುತ್ತಾರಂತೆ ಎಂದು ಕೆಲವರು. ಎರಡೂ ನಿಜವಲ್ಲ. ಅವರು ನನ್ನ ತಾಯಿಯ ಅಣ್ಣ. ನಡೆದದ್ದೇನೆಂದು ಮಾವನನ್ನೂ ಅತ್ತೆ ಜಯಲಕ್ಷ್ಮಮ್ಮನನ್ನೂ ಬೇರೆ ಬೇರೆಯಾಗಿ ಕೇಳಿದ್ದೇನೆ. ಇಬ್ಬರ ಮಾತೂ ಕೂಡಿದ ಕಡೆ ಹಾಗೆಯೇ ಬರೆದಿದ್ದೇನೆ. ಕೂಡದ ಕಡೆ ಯಾರು ಹೇಳಿದ್ದೆಂದು ತಿಳಿಸುತ್ತೇನೆ.

ಮಾವನಿಗೆ ಆಗ ಐವತ್ತೊಂಬತ್ತು. ಹುಟ್ಟಿದ್ದು ನಾಗಮಂಗಲದಲ್ಲಿ. ತಂದೆ ಹಿತ್ತಾಳೆ ಎರಕ ಹೊಯ್ಯುವವರು. ಎರಕದ ಮನೆಯ ಭಾರದ ಕೆಲಸ ಈ ಹುಡುಗನ ಮೈಗೆ ಆಗದು ಎಂದುಕೊಂಡು, ಹನ್ನೆರಡನೆಯ ವಯಸ್ಸಿಗೆ ಪಾಂಡವಪುರದ ಸೋಮಯ್ಯ ಎಂಬ ಅಕ್ಕಸಾಲಿಗರ ಹತ್ತಿರ ಬಿಟ್ಟರು. ಅಲ್ಲಿ ಎಂಟು ವರ್ಷ ಕಲಿತರು. ಆಮೇಲೆ ಮದುವೆಯಾಗಿ ಕೆ.ಆರ್. ಪೇಟೆಗೆ ಬಂದು, ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಅಂಗಡಿ ಇಟ್ಟರು. ಆ ಮನೆಯನ್ನೇ ಹದಿನೈದು ವರ್ಷದ ನಂತರ ಕೊಂಡರು. ಕೋಣೆ ಈಗಲೂ ಹಾಗೇ ಇದೆ. ಬೀದಿಯ ಕಡೆ ಒಂದು ಕಿಟಕಿ, ಕಿಟಕಿಯ ಕೆಳಗೆ ಮಣೆ, ಮಣೆಯ ಬಲಕ್ಕೆ ಇದ್ದಿಲಿನ ಅಗ್ಗಿಷ್ಟಿಕೆ.

ಹೊಸ ಒಡವೆ ಬೇಕಾದವರು ಈಗ ಮೈಸೂರಿಗೋ ಮಂಡ್ಯಕ್ಕೋ ಹೋಗಿ ಗಾಜಿನ ಅಂಗಡಿಯಲ್ಲಿ ಕೊಳ್ಳುತ್ತಾರೆ. ಮಾವನ ಹತ್ತಿರ ಬರುವುದು ಆ ಒಡವೆಗಳು ಕೆಟ್ಟಾಗ. ತುಂಡಾದ ಸರ, ಬೆಸುಗೆ ಬಿಟ್ಟ ಓಲೆ, ಸವೆದ ಕಾಲುಂಗುರ. ಇಂಥ ಹತ್ತು ಕೆಲಸದಲ್ಲಿ ಎಂಟಕ್ಕೆ ಬೆಂಕಿ ಬೇಕು. ಬೆಂಕಿ ಬಿಟ್ಟರೆ ಅಕ್ಕಸಾಲಿಗನಿಗೆ ಉಳಿಯುವುದು ಮಣಿ ಪೋಣಿಸುವುದು, ಕೊಕ್ಕೆ ಬಗ್ಗಿಸುವುದು, ತೊಳೆದು ಹೊಳಪು ಕೊಡುವುದು. ಅಷ್ಟರಿಂದ ಮನೆ ನಡೆಯುವುದಿಲ್ಲ.

ಬೆಸುಗೆ ಹಾಕುವ ರೀತಿಯನ್ನು ಇಲ್ಲೇ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮಾವ ಗ್ಯಾಸಿನ ಬೆಂಕಿ ಬಳಸುವುದಿಲ್ಲ. ಊದುಗೊಳವೆಯನ್ನು ಬಾಯಲ್ಲಿ ಹಿಡಿದು, ದೀಪದ ಉರಿಯನ್ನು ಉಸಿರಿನಿಂದ ಬಾಗಿಸಿ, ಅದರ ಮೊನೆಯನ್ನು ಒಡವೆಯ ಮೇಲೆ ಬಿಡುತ್ತಾರೆ. ಬೆಸುಗೆಯ ಚೂರು ಒಂದು ಗಳಿಗೆ ಸುಮ್ಮನೆ ಕೂತಿರುತ್ತದೆ. ಆಮೇಲೆ ಥಟ್ಟನೆ ಮಿಂಚಿ ಹರಿಯುತ್ತದೆ. ಆ ಮಿಂಚು ಕಂಡ ಕೂಡಲೇ ಉಸಿರು ನಿಲ್ಲಿಸಬೇಕು. ಇನ್ನೊಂದು ಉಸಿರು ಊದಿದರೆ ಒಡವೆಯೇ ಕರಗುತ್ತದೆ. ಉರಿಯ ಮೊನೆಗೂ ಒಡವೆಗೂ ಎಷ್ಟು ದೂರ, ಯಾವಾಗ ಮಿಂಚಿತು, ಇದೆಲ್ಲ ಕಣ್ಣಿನ ಕೆಲಸ.

ಅಂಥ ಕಣ್ಣಿಗೆ ಹತ್ತಿರದ್ದು ಮಸುಕಾಗತೊಡಗಿತ್ತು. ಜನವರಿಯಲ್ಲಿ ಊರಿನ ಕಲ್ಯಾಣ ಮಂಟಪವೊಂದರಲ್ಲಿ ಉಚಿತ ಕಣ್ಣಿನ ಶಿಬಿರ ನಡೆಯಿತು. ಮೈಸೂರಿನಿಂದ ವೈದ್ಯರು ಬಂದಿದ್ದರು. ಕನ್ನಡಕ ಸಿಕ್ಕಿದರೆ ಸಾಕೆಂದು ಮಾವ ಅತ್ತೆಯ ಜೊತೆ ಹೋದರು. ಕಣ್ಣಿಗೆ ಔಷಧಿಯ ಹನಿ ಬಿಟ್ಟು ಮುಕ್ಕಾಲು ಗಂಟೆ ಕೂರಿಸಿದರು. ಆಮೇಲೆ ಮೇಘನ ಎಂಬ ಕಿರಿಯ ವೈದ್ಯೆ ಬಲಗಣ್ಣು ನೋಡಿ ಮುಗಿಸಿ, ಎಡಗಣ್ಣಿನಲ್ಲಿ ಬಹಳ ಹೊತ್ತು ನಿಂತರು. ಮೇಲೆ ನೋಡಿ, ಕೆಳಗೆ ನೋಡಿ, ಮೂಗಿನ ಕಡೆ ನೋಡಿ ಎಂದರು. ಮತ್ತೆ ಬಲಗಣ್ಣಿಗೆ ಬಂದರು.

"ನಿಮ್ಮ ಎಡಗಣ್ಣಿನ ಒಳಪರದೆಯಲ್ಲಿ ಕಪ್ಪು ಚುಕ್ಕೆಗಳಿವೆ. ಯಾರಾದ್ರೂ ಮುಂಚೆ ಹೇಳಿದ್ರಾ?"

"ಇಲ್ಲ ತಾಯಿ. ಇದೇ ಮೊದ್ಲು ತೋರುಸ್ತಿರಾದು."

"ಮೈಮೇಲೆ ಮಚ್ಚೆ ಇರುತ್ತಲ್ಲ, ಹಾಗೇ. ಹುಟ್ಟಿದಾಗಿಂದ ಇರುತ್ತೆ. ಏನೂ ತೊಂದರೆ ಇಲ್ಲ. ಮನೆಯಲ್ಲಿ ಯಾರಿಗಾದ್ರೂ ಕರುಳಿನಲ್ಲಿ ಗಂಟು ಆಗಿತ್ತಾ? ನಿಮ್ಮ ತಂದೆಗೆ, ತಾಯಿಗೆ, ಅಣ್ಣತಮ್ಮಂದಿರಿಗೆ?"

"ಇಲ್ಲ."

"ಸರಿ. ನಿಮ್ಮದು ಆ ಥರದ್ದಲ್ಲ, ಒಂದು ಮಾತು ಕೇಳಿದೆ ಅಷ್ಟೇ. ಯಾವಾಗಲಾದ್ರೂ ಮೈಸೂರಿಗೆ ಬಂದು ಒಂದು ಫೋಟೋ ತೆಗೆಸಿ. ಕೆಲವು ತಿಂಗಳು ಬಿಟ್ಟು ಇನ್ನೊಂದು ಸಲ ನೋಡೋಣ."

ಹಿಂದೆ ಅರವತ್ತು ಜನ ಸಾಲಿನಲ್ಲಿದ್ದರು. ಚೀಟಿಯಲ್ಲಿ ಅಷ್ಟನ್ನೂ ಬರೆದುಕೊಟ್ಟು, ಕನ್ನಡಕದ ಮೇಜಿಗೆ ಕಳಿಸಿದರು. ಮಾವನಿಗೆ ಕನ್ನಡಕ ಸಿಕ್ಕಿತು. ಹನಿಯ ಕಾರಣ ಎದುರಿನದೆಲ್ಲ ಬೆಳಕಾಗಿ ಕಾಣುತ್ತಿದ್ದುದರಿಂದ ಅತ್ತೆಯ ಹೆಗಲು ಹಿಡಿದುಕೊಂಡು ಮನೆಗೆ ಬಂದರು. ದಾರಿಯಲ್ಲಿ ಅತ್ತೆ ಹೇಳಿದ ಮಾತು ಇಬ್ಬರಿಗೂ ನೆನಪಿದೆ. "ಕಣ್ಣು ನೋಡಕ್ಕೆ ಓದವ್ರು ಕರುಳು ಕೇಳ್ತಾರಲ್ಲಾ, ಇವ್ರಿಗೇನಾದ್ರೂ ದಾರಿ ತಪ್ತಾ?"

ಅತ್ತೆ ಅದನ್ನು ನಗೆಗೆ ಹೇಳಿದ್ದು. ಮಾವ ನಗಲಿಲ್ಲ. ಏನೂ ತೊಂದರೆ ಇಲ್ಲದಿದ್ದರೆ ಮತ್ತೆ ಯಾಕೆ ಬರಬೇಕು ಎಂಬುದು ಅವರ ತಲೆಯಲ್ಲಿ ಕೂತಿತ್ತು.

ಆ ಸಂಜೆ ಅವರಿಗೆ ಪಾಂಡವಪುರದ ಒಂದು ದಿನ ನೆನಪಾಯಿತು. ಆಗ ಅವರಿಗೆ ಹದಿನಾಲ್ಕೋ ಹದಿನೈದೋ. ಒಬ್ಬರು ಮುರಿದ ಚಿನ್ನದ ಓಲೆ ತಂದಿದ್ದರು. ಅದನ್ನು ಹಿಂದೆ ಯಾರೋ ಪಾತ್ರೆಗೆ ಬೆಸುಗೆ ಹಾಕುವವನು ಸೀಸದಿಂದ ಅಂಟಿಸಿದ್ದ. ಮೇಲೆ ಕಾಣುತ್ತಿದ್ದುದು ಸಾಸಿವೆಯಷ್ಟು ನಾಲ್ಕೈದು ಕಪ್ಪು ಚುಕ್ಕೆ ಮಾತ್ರ. ಕೊಳೆ ಇರಬೇಕೆಂದು ಮಾವ ಅದನ್ನು ಬೆಂಕಿಗೆ ಹಿಡಿದರು. ಚುಕ್ಕೆಗಳು ಅಗಲವಾದವು. ಒಂದಕ್ಕೊಂದು ಸೇರಿದವು. ಓಲೆ ತೂತು ತೂತಾಗಿ ಕೈಯಲ್ಲೇ ಪುಡಿಯಾಯಿತು. ಸೋಮಯ್ಯನವರು ಹೊಡೆಯಲಿಲ್ಲ. ಆ ಪುಡಿಯನ್ನು ಅಂಗೈಯಲ್ಲಿ ಹಾಕಿಕೊಂಡು, "ಕರಿ ಚುಕ್ಕೆ ಕಂಡ್ರೆ ಮೊದ್ಲು ಅದೇನು ಅಂತ ತಿಳ್ಕೊ ಕಣ್ಲಾ. ಸೀಸ ಆಗಿದ್ರೆ ಬೆಂಕಿ ತೋರಿಸ್ಬ್ಯಾಡ. ಕಾಸಿದಷ್ಟೂ ಒಳೀಕೆ ತಿಂತದೆ" ಎಂದರು.

ಮಾವ ಓದಿದ್ದು ಐದನೆಯ ತರಗತಿ. ಕಣ್ಣಿನ ಒಳಗೆ ಏನಿರುತ್ತದೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಚಿನ್ನದ ಒಳಗೆ ಏನಿರುತ್ತದೆಂದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದರಿಂದ ಗೊತ್ತಿಲ್ಲದ್ದನ್ನು ಅಳೆದರು. ಕಪ್ಪು ಚುಕ್ಕೆ ಇದೆ, ಎದುರಿಗೆ ದಿನಾ ಬೆಂಕಿ ಇದೆ, ಆದ್ದರಿಂದ ತಿನ್ನುತ್ತದೆ. ಈಗ ಬೆಂಕಿ ಬಿಟ್ಟರೆ ಇದ್ದಷ್ಟಕ್ಕೆ ನಿಲ್ಲಬಹುದು. ಬಿಡದಿದ್ದರೆ ಎಡಗಣ್ಣು ಹೋಗುತ್ತದೆ, ಆಮೇಲೆ ಬಲದ್ದು. ಬೆಂಕಿ ಬಿಟ್ಟರೆ ಕಸುಬು ಹೋಗುತ್ತದೆ. ಎರಡರಲ್ಲಿ ಕಣ್ಣನ್ನು ಉಳಿಸಿಕೊಳ್ಳುವುದು ಎಂದು ತೀರ್ಮಾನಿಸಿದರು. ಯಾರಿಗೂ ಹೇಳಲಿಲ್ಲ.

ಮರುದಿನದಿಂದ ಅಗ್ಗಿಷ್ಟಿಕೆಯನ್ನು ಮೂಲೆಗೆ ಸರಿಸಿದರು. ಬಂದವರಿಗೆ ಅದು ಒಡೆದಿದೆ ಎಂದರು. ಬೆಸುಗೆಯ ಕೆಲಸವನ್ನು ಮುಖ್ಯ ರಸ್ತೆಯ ದಿಲೀಪ್ ಎಂಬ ಹುಡುಗನ ಅಂಗಡಿಗೆ ಕಳಿಸತೊಡಗಿದರು. ದಿಲೀಪ್ ಒಳ್ಳೆಯವನು. ಎರಡು ವಾರ ಸುಮ್ಮನಿದ್ದು, ಒಂದು ದಿನ ಬಂದು ಕೇಳಿದ.

"ಏನ್ ಆಚಾರ್ರೇ, ಎಲ್ಲಾನೂ ನನ್ ತಲೆ ಮೇಲೇ ಆಕ್ತಾ ಇದೀರಿ? ಒಸ ಅಗ್ಗಿಷ್ಟಿಕೆ ನಾನೇ ತಂದ್ಕೊಡ್ಲಾ?"

"ಬ್ಯಾಡ ಕಣಪ್ಪ. ಗಡಿಗೆ ಮಾಡವ್ರಿಗೆ ಏಳಿದೀನಿ."

"ಯಾವೂರ್ ಗಡಿಗೆ ಮಾಡವ್ರು? ಕಾಶೀಲಿರವ್ರಾ?"

ಮಾವ ನಕ್ಕು ಮಾತು ಬದಲಿಸಿದರು. ಅತ್ತೆಗೆ ಹೇಳಿದ ಸುಳ್ಳು ಬೇರೆ. ಬೆಂಕಿ ಹಚ್ಚಿ ಎಂದು ಅತ್ತೆ ಹೇಳಿದಾಗಲೆಲ್ಲ ಹೊಗೆಗೆ ಕೆಮ್ಮು ಬರುತ್ತದೆ ಎನ್ನುತ್ತಿದ್ದರು. ಒಂದು ದಿನವೂ ಅವರು ಕೆಮ್ಮಿದ್ದನ್ನು ಅತ್ತೆ ಕೇಳಲಿಲ್ಲ. ಕೇಳಿದ್ದು ಬೇರೆ. ದಿನಾ ಬೆಳಿಗ್ಗೆ ಮಾವ ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡು, ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರಗಳನ್ನು ಮೆಲ್ಲಗೆ ಓದುತ್ತಿದ್ದರು. ರಾಹುಕಾಲ, ಗುಳಿಕಕಾಲ ಎಂದು ಓದುತ್ತಿದ್ದುದರಿಂದ ಏನೋ ಮುಹೂರ್ತ ನೋಡುತ್ತಿದ್ದಾರೆ ಎಂದುಕೊಂಡೆ ಎಂದು ಅತ್ತೆ ಹೇಳಿದರು. ಆ ನಾಲ್ಕು ತಿಂಗಳಲ್ಲಿ ಅಕ್ಷರ ಒಂದು ದಿನವೂ ಮಸುಕಾಗಲಿಲ್ಲ. ಅದು ಬೆಂಕಿ ಬಿಟ್ಟ ಫಲ ಎಂದು ಮಾವ ತಿಳಿದರು.

ಮೇ ತಿಂಗಳ ಎರಡನೆಯ ವಾರ, ಮದುವೆ ಮುಹೂರ್ತಗಳಿದ್ದ ಒಂದು ದಿನ, ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಅಕ್ಕಿಹೆಬ್ಬಾಳಿನ ಪುಟ್ಟಲಕ್ಷ್ಮಮ್ಮ ಸೊಸೆ ಚೈತ್ರಳನ್ನು ಕರೆದುಕೊಂಡು ಬಂದರು. ಪುಟ್ಟಲಕ್ಷ್ಮಮ್ಮ ಮೂವತ್ತು ವರ್ಷದಿಂದ ಮಾವನ ಅಂಗಡಿಗೆ ಬರುವವರು. ಚೈತ್ರಳ ಕೊರಳಲ್ಲಿ ಅರಿಶಿನದ ಕೊಂಬು ಕಟ್ಟಿದ ದಾರವಿತ್ತು. ಅದನ್ನು ನೋಡಿದ ಕೂಡಲೇ ವಿಷಯವೇನೆಂದು ಮಾವನಿಗೆ ತಿಳಿಯಿತು. ಹುಲ್ಲಿನ ಹೊರೆ ಇಳಿಸುವಾಗ ಎಳೆದುಕೊಂಡು, ತಾಳಿಬೊಟ್ಟಿನ ಮೇಲೆ ಸರ ತೂರುವ ಪುಟ್ಟ ಬಳೆ ಕಿತ್ತುಬಂದಿತ್ತು.

ತಾಳಿ ಕೊರಳಿಂದ ಇಳಿದರೆ ಅರಿಶಿನದ ಕೊಂಬು ಕಟ್ಟಿಕೊಳ್ಳುವುದು ನಮ್ಮ ಕಡೆಯ ಪದ್ಧತಿ. ತಾಳಿ ಮತ್ತೆ ಕೊರಳಿಗೆ ಬರುವವರೆಗೆ ಕೆಲವರ ಮನೆಯಲ್ಲಿ ಆ ಹೆಂಗಸು ಏನನ್ನೂ ತಿನ್ನುವುದಿಲ್ಲ. ಆದ್ದರಿಂದ ತಾಳಿ ಹಿಡಿದುಕೊಂಡು ಬಂದವರಿಗೆ 'ನಾಳೆ ಬನ್ನಿ' ಎನ್ನಬಾರದೆಂದು ಸೋಮಯ್ಯನವರು ಕಲಿಸಿದ್ದರು. ಮಾವ ಒಮ್ಮೆಯೂ ಅಂದಿರಲಿಲ್ಲ.

"ಆಚಾರ್ರೇ, ಇದೊಂದ್ ಬಳೆ ಕೂರ್ಸಿ ಕೊಟ್ಬುಡ್ರಪ್ಪಾ" ಎಂದರು ಪುಟ್ಟಲಕ್ಷ್ಮಮ್ಮ.

"ಬೆಂಕಿ ಕೆಲ್ಸ ಮಾಡ್ತಿಲ್ಲ ಕಣಮ್ಮ. ಅಗ್ಗಿಷ್ಟಿಕೆ ಒಡ್ದೋಗದೆ. ದಿಲೀಪನ ಅಂಗ್ಡಿಗೆ ಓಗಿ."

"ಅಲ್ಲಿಂದ್ಲೇ ಬಂದ್ವಿ. ಬೀಗ ಆಕದೆ. ಅವ್ನೂ ಯಾವ್ದೋ ಮದ್ವೆಗೆ ಓಗವ್ನೆ. ಇನ್ನೊಬ್ರು ಸಂಜೆಗ್ ಬನ್ನಿ ಅಂದ್ರು. ಅಲ್ಲಾ, ಅಗ್ಗಿಷ್ಟಿಕೆ ಒಡ್ದೋಗದೆ ಅಂತೀರಿ, ಅಗೋ ಮೂಲೇಲಿ ಗುಂಡ್ಕಲ್ಲಂಗೆ ಕೂತದಲ್ಲ! ಯಾವ್ ಕಡೆ ಒಡ್ದದೆ, ತೋರ್ಸಿ ನೋಡಾನ?"

ಮಾವ ಮೂಲೆಯ ಕಡೆ ತಿರುಗಿ ನೋಡಿದರು.

"ಉಡ್ಗಿ ಬೆಳಗ್ನಿಂದ ಒಂದ್ ತೊಟ್ಟು ಕಾಫೀನೂ ಕುಡ್ದಿಲ್ಲ. ಕುಡಿಯವ್ವ, ದೇವ್ರೇನು ಲೋಟ ಎಣಿಸ್ತಾ ಕೂತಿರ್ತಾನಾ ಅಂದೆ. ಕೇಳ್ನಿಲ್ಲ."

"ನಂಗೇನ್ ಅಸಿವಿಲ್ಲ ಬುಡಿ ಅತ್ತೆ" ಎಂದಳು ಚೈತ್ರ.

"ಅಸಿವಿಲ್ವಂತೆ. ಬಸ್ನಲ್ಲಿ ಇವಳ್ ಒಟ್ಟೆ ಗುರ್ ಅಂದಿದ್ದು ಡ್ರೈವರ್ಗೂ ಕೇಳುಸ್ತು. ಗೇರು ಸರಿ ಬೀಳ್ನಿಲ್ಲ ಅಂತ ಅವ್ನು ಮತ್ತೆ ಆಕ್ದ."

ಮಾವ ಎದ್ದು ಅಗ್ಗಿಷ್ಟಿಕೆಯನ್ನು ಎಳೆದು ಇದ್ದಿಲು ಹಾಕಿದರು. ದೀಪ ಹೊತ್ತಿಸಿದರು. ಆಮೇಲೆ ಹೆಗಲ ಮೇಲಿದ್ದ ಟವೆಲನ್ನು ಓರೆಯಾಗಿ ಮಡಿಸಿ, ಎಡಗಣ್ಣು ಮುಚ್ಚುವಂತೆ ತಲೆಗೆ ಬಿಗಿದು ಕಟ್ಟಿಕೊಂಡರು. ತಲೆನೋವಿಗೆ ಕಟ್ಟಿಕೊಂಡರು ಎಂದು ಆ ಇಬ್ಬರೂ ತಿಳಿದರು. ಒಂದು ಕಣ್ಣಿಗಾದರೂ ಬೆಂಕಿ ಕಾಣದಿರಲಿ ಎಂಬುದು ಮಾವನ ಲೆಕ್ಕ.

ಒಂದು ಕಣ್ಣಿಗೆ ದೂರ ಸರಿಯಾಗಿ ತಿಳಿಯುವುದಿಲ್ಲ. ಇದು ಅವರಿಗೆ ಗೊತ್ತಿರಲಿಲ್ಲ, ಯಾಕೆಂದರೆ ಅವರು ಯಾವತ್ತೂ ಒಂದು ಕಣ್ಣಿನಿಂದ ಕೆಲಸ ಮಾಡಿದವರಲ್ಲ. ಬಳೆಯನ್ನು ಕೂರಿಸಿ, ಬೆಸುಗೆಯ ಚೂರಿಟ್ಟು ಊದಿದರು. ಉರಿಯ ಮೊನೆ ಒಡವೆಯಿಂದ ಕಡಲೆಕಾಳಿನಷ್ಟು ದೂರದಲ್ಲಿದೆ ಎಂದು ಅವರಿಗೆ ಕಂಡಿತು. ಅದು ಮುಟ್ಟಿಕೊಂಡೇ ಇತ್ತು. ಬೆಸುಗೆ ಮಿಂಚುವ ಮೊದಲೇ ಬೊಟ್ಟಿನ ಅಂಚು ಒಂದು ಕಡೆ ನೀರಾಗಿ ಮಡಿಸಿಕೊಂಡಿತು.

ಉಸಿರು ನಿಲ್ಲಿಸಿದರು. ತಡವಾಗಿತ್ತು. ನಲವತ್ತೇಳು ವರ್ಷದಲ್ಲಿ ಅವರ ಕೈಯಲ್ಲಿ ಕೆಟ್ಟ ಮೊದಲ ತಾಳಿ ಅದು.

ಚೈತ್ರ ಕೊರಳಿನ ಅರಿಶಿನದ ಕೊಂಬನ್ನು ಹಿಡಿದುಕೊಂಡಳು. ಪುಟ್ಟಲಕ್ಷ್ಮಮ್ಮ ಮಣೆಯ ಮೇಲೆ ಬಗ್ಗಿ ನೋಡಿ, ನೆಟ್ಟಗಾದರು.

"ಯಾರಾದ್ರೂ ಒಂದ್ ಕಣ್ಣು ಕಟ್ಕೊಂಡು ತಾಳಿ ಕಾಸ್ತಾರಾ ಆಚಾರ್ರೇ? ಏನಾಗದೆ ನಿಮ್ಗೆ?"

"ತಪ್ಪಾಯ್ತು ಕಣಮ್ಮ."

"ತಪ್ಪು ಆಮೇಕಾಯ್ತದೆ. ಕಣ್ಗೇನಾಗದೆ ಏಳಿ."

ಅಲ್ಲಿ ಮಾವ ಮೊದಲ ಸಲ ಹೇಳಿದರು. ಶಿಬಿರದಲ್ಲಿ ಕಂಡ ಚುಕ್ಕೆ, ಪಾಂಡವಪುರದ ಓಲೆ, ಸೀಸ, ಎಲ್ಲ. ಒಳಗಿನ ಬಾಗಿಲಲ್ಲಿ ಅತ್ತೆ ಮೊರ ಹಿಡಿದು ನಿಂತಿದ್ದರು. ಅವರು ಕೇಳುತ್ತಿರುವುದು ಮಾವನಿಗೆ ಕಾಣಲಿಲ್ಲ. ಅವರು ನಿಂತಿದ್ದದ್ದು ಟವೆಲು ಮುಚ್ಚಿದ ಎಡಗಣ್ಣಿನ ಕಡೆ.

"ನಾಕ್ ತಿಂಗ್ಳಿಂದ ನನ್ ಕುಟೆ ಕೆಮ್ಮು ಅಂದ್ರಲ್ಲ" ಎಂದರು ಅತ್ತೆ.

ಮಾವ ತಿರುಗಿದರು. "ನಿಂಗೇಳಿದ್ರೆ ಅಳ್ತಾ ಕೂತಿರ್ತಿದ್ದೆ."

"ಅಳ್ತಿದ್ದೆ. ಅತ್ತು, ಆಮೇಲೆ ಎದ್ದು ಸಾರು ಮಾಡ್ತಿದ್ದೆ. ಅದ್ರಿಂದ ನಿಮ್ಗೇನ್ ನಷ್ಟ?"

ಪುಟ್ಟಲಕ್ಷ್ಮಮ್ಮನಿಗೆ ಗಂಡ ಹೆಂಡಿರ ಮಾತು ಬೇಕಿರಲಿಲ್ಲ. "ಇರವ್ವ ಜಯಮ್ಮ, ನಾನೊಂದ್ ಕೇಳ್ತೀನಿ. ಆ ಡಾಕ್ಟ್ರಮ್ಮ ಉಟ್ದಾಗಿಂದ ಅವೆ ಅಂದ್ರು ತಾನೆ? ನೀವ್ ಎಷ್ಟ್ ವರ್ಸದಿಂದ ಬೆಂಕಿ ಊದ್ತಿದೀರಿ ಆಚಾರ್ರೇ?"

"ನಲವತ್ತೇಳು."

"ನಲವತ್ತೇಳ್ ವರ್ಸ ಬೆಂಕಿ ಮುಂದ್ಗಡೆ ಕೂತಿದ್ರೂ ತಿನ್ದೇ ಇರ ಸೀಸ ಈಗ ತಿಂದದಾ? ಅದುಕ್ಕೆ ಅಸಿವಾಗಕ್ಕೆ ಅಷ್ಟ್ ದಿನ ಬೇಕಾ?"

ಮಾವ ಟವೆಲಿನ ಗಂಟನ್ನು ಮುಟ್ಟಿ ನೋಡಿಕೊಂಡರು. "ಉಟ್ದಾಗಿಂದ ಅವೆ ಅಂತ ಅವ್ರಿಗೆಂಗೆ ಗೊತ್ತು? ಅವತ್ತು ಯಾರ್ ನೋಡಿದ್ರು?"

"ಅದ್ ನಂಗೊತ್ತಿಲ್ಲ. ಅವ್ರನ್ನೇ ಓಗಿ ಕೇಳಿ. ಈಗ ಇದ್ನ ಏನ್ ಮಾಡ್ತೀರಿ? ಇಂಗೇ ಎತ್ಕೊಂಡೋದ್ರೆ ನಮ್ ಬೀದಿಯವ್ರು ಒಂದಕ್ಕತ್ತು ಸೇರ್ಸಿ ಆಡ್ಕತಾರೆ."

ಮಾವ ಟವೆಲು ಬಿಚ್ಚಿದರು. ಆಗ ಮನಸ್ಸಿನಲ್ಲಿ ಏನಿತ್ತು ಎಂದು ಕೇಳಿದ್ದಕ್ಕೆ, "ಏನೂ ಇರ್ನಿಲ್ಲ. ಆ ಉಡ್ಗಿ ಕೊಂಬು ಇಡ್ಕೊಂಡಿದ್ಲು, ಅಷ್ಟೇ ಕಂಡಿದ್ದು" ಎಂದರು. ಕಣ್ಣು ಹೋದರೂ ಹೋಗಲಿ ಎಂದುಕೊಂಡರು ಎಂದು ಅತ್ತೆ ಹೇಳುತ್ತಾರೆ. ನನಗೆ ಮಾವನ ಮಾತೇ ಸರಿ ಎನಿಸುತ್ತದೆ.

ಎರಡು ಗಂಟೆಗಿಂತ ಹೆಚ್ಚು ಹಿಡಿಯಿತು. ಮಡಿಸಿಕೊಂಡ ಅಂಚನ್ನು ಅರದಿಂದ ಉಜ್ಜಿ ತೆಗೆದರು. ತಮ್ಮ ಪೆಟ್ಟಿಗೆಯಿಂದ ಒಂದು ಚೂರು ಚಿನ್ನ ಕರಗಿಸಿ, ಸಾಲು ತೂತುಗಳ ಉಕ್ಕಿನ ಪಟ್ಟಿಯಲ್ಲಿ ಎಳೆದು ತಂತಿ ಮಾಡಿ, ಬೊಟ್ಟಿನ ಸುತ್ತ ಕಟ್ಟಿ ಬೆಸೆದರು. ಆಮೇಲೆ ಬಳೆ ಕೂರಿಸಿದರು. ಎರಡೂ ಕಣ್ಣು ಬಿಟ್ಟುಕೊಂಡು ಐದು ಸಲ ಉರಿ ಊದಿದರು. ತೊಳೆದ ಮೇಲೆ ಬೊಟ್ಟು ಮುಂಚಿಗಿಂತ ದುಂಡಗೆ ಕಂಡಿತು. ಚೈತ್ರ ದೇವರ ಪಟದ ಮುಂದೆ ನಿಂತು ಅದನ್ನು ಹಾಕಿಕೊಂಡು, ಕೊಂಬಿನ ದಾರ ಬಿಚ್ಚಿದಳು. ಅತ್ತೆ ಮಾಡಿದ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡಳು.

ಮುಂದಿನ ವಾರ ಮಾವ, ಅತ್ತೆ ಮೈಸೂರಿಗೆ ಹೋದರು. ಆಸ್ಪತ್ರೆಯಲ್ಲಿ ಮತ್ತೆ ಹನಿ ಬಿಟ್ಟು, ಯಂತ್ರದ ಮುಂದೆ ಕೂರಿಸಿ, ಕಣ್ಣನ್ನು ಆ ಕಡೆ ಈ ಕಡೆ ತಿರುಗಿಸಲು ಹೇಳಿ ಹಲವು ಫೋಟೋ ತೆಗೆದರು. ಡಾ. ಮೇಘನ ಪರದೆಯ ಮೇಲೆ ತೋರಿಸಿದರು. ಕಿತ್ತಳೆ ಬಣ್ಣದ ನೆಲ, ಕವಲೊಡೆದ ಕೆಂಪು ನಾಳಗಳು, ಒಂದು ಪಕ್ಕಕ್ಕೆ ತಿಳಿ ಹಳದಿಯ ವೃತ್ತ. ದೂರದಲ್ಲಿ ಒಂದು ಗುಂಪಾಗಿ ಒಂಬತ್ತು ಕಪ್ಪು ಚುಕ್ಕೆ. ಒಳಗಡೆಯವು ಸಣ್ಣವು, ಅಂಚಿನ ಕಡೆಯವು ದೊಡ್ಡವು.

"ಇದನ್ನ ನಾವು ಕರಡಿ ಹೆಜ್ಜೆ ಅಂತ ಕರೀತೀವಿ. ನೋಡಿ, ಪ್ರಾಣಿ ನಡೆದುಹೋದ ಹಾಗಿಲ್ವಾ?"

"ಕರ್ಡಿ ಇವ್ರ ಕಣ್ಣೊಳೀಕೆ ಯಾವಾಗ ಬಂತು? ನಾನ್ ಮನೇಲಿ ಬಾಗ್ಲು ಆಕ್ಕೊಂಡೇ ಮಲಗ್ತೀನಲ್ಲಾ" ಎಂದರು ಅತ್ತೆ. ವೈದ್ಯೆ ನಕ್ಕರು.

ಮಾವ ತಮ್ಮ ಪ್ರಶ್ನೆ ಕೇಳಿದರು. ಹುಟ್ಟಿದಾಗಿಂದ ಇದೆ ಎಂದು ಹೇಗೆ ಗೊತ್ತು? ಏನೂ ಇಲ್ಲದಿದ್ದರೆ ಮತ್ತೆ ಯಾಕೆ ಬರಬೇಕು?

ವೈದ್ಯೆ ಅವಸರ ಮಾಡಲಿಲ್ಲ. ಈ ಚುಕ್ಕೆಗಳು ಪರದೆಯ ಮಟ್ಟಕ್ಕೇ ಇವೆ, ಉಬ್ಬಿಲ್ಲ. ಅಂಚು ಕತ್ತರಿಸಿದ ಹಾಗೆ ಸ್ಪಷ್ಟವಾಗಿದೆ. ಇಂಥ ಗುಂಪು ಹುಟ್ಟಿನಿಂದ ಬರುವುದೇ ಹೊರತು ಮಧ್ಯದಲ್ಲಿ ಬರುವುದಿಲ್ಲ. ಆಮೇಲೆ ಬರುವ ಕೆಟ್ಟ ಜಾತಿಯದು ಬೇರೆ ಥರ ಕಾಣುತ್ತದೆ ಎಂದು ವಿವರಿಸಿದರು. ಎರಡೂ ಕಣ್ಣಿನಲ್ಲಿ ಚದುರಿದಂತೆ ಚುಕ್ಕೆಗಳಿದ್ದರೆ ಕರುಳಿನ ಗಂಟಿಗೂ ನಂಟಿರಬಹುದು, ಶಿಬಿರದಲ್ಲಿ ಅದನ್ನು ಕೇಳಿದ್ದು ಅದಕ್ಕೇ ಎಂದೂ ಹೇಳಿದರು. "ಒಂದು ಸಲ ನೋಡಿ ಬೆಳೆಯಲ್ಲ ಅನ್ನೋದಕ್ಕಿಂತ, ಎರಡು ಫೋಟೋ ಇಟ್ಕೊಂಡು ಬೆಳೆದಿಲ್ಲ ಅನ್ನೋದು ಒಳ್ಳೇದಲ್ವಾ? ಅದಕ್ಕೇ ಬನ್ನಿ ಅಂದಿದ್ದು. ಬೆಂಕಿಗೂ ಇದಕ್ಕೂ ಸಂಬಂಧ ಇಲ್ಲ. ಕಾವಿಗೆ, ಕಿಡಿಗೆ ಕನ್ನಡಕ ಹಾಕ್ಕೊಂಡು ಕೆಲಸ ಮಾಡಿ, ಅದು ಬೇರೆ ಮಾತು."

ಮಾವ ಪರದೆಯ ಹತ್ತಿರ ಹೋಗಿ ನೋಡಿದರು. ಹನಿ ಬಿಟ್ಟಿದ್ದರಿಂದ ಹತ್ತಿರದ್ದು ಕಾಣಲಿಲ್ಲ. ಕಾಗದದ ಮೇಲೆ ಒಂದು ಪ್ರತಿ ಕೊಡಿ ಎಂದು ಕೇಳಿ ತಂದರು. ಮರುದಿನ ಕಿಟಕಿಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಒಂದೊಂದು ಚುಕ್ಕೆಯ ಅಂಚನ್ನೂ ನೋಡಿದರು. ಸೀಸ ತಿಂದ ಅಂಚು ಹಲ್ಲು ಹಲ್ಲಾಗಿ, ಬೂದು ಬಣ್ಣಕ್ಕೆ ಹರಡಿಕೊಂಡಿರುತ್ತದೆ. ಇವು ಹಾಗಿರಲಿಲ್ಲ. ಆದರೂ ಅವರಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಕಂಡದ್ದನ್ನು ನಂಬುವ ಮೊದಲು ಪರೀಕ್ಷೆ ಮಾಡುವುದು ಅವರ ಕಸುಬಿನ ರೂಢಿ.

ಪರೀಕ್ಷೆಗೆ ದಾರಿ ಒಂದೇ. ಮೂರು ತಿಂಗಳು ದಿನಾ ಬೆಂಕಿ ಊದುವುದು, ಆಮೇಲೆ ಇನ್ನೊಂದು ಫೋಟೋ. ಸೀಸವಾಗಿದ್ದರೆ ತಿಂದಿರುತ್ತದೆ. ಅತ್ತೆಗೆ ಈ ಸಲ ಮೊದಲೇ ಹೇಳಿದರು.

"ನಿಮ್ಗ್ ಬುದ್ಧಿ ಐತಾ? ಅದೇನಾದ್ರೂ ತಿಂದ್ಬುಟ್ರೆ?"

"ಡಾಕ್ಟ್ರು ತಿನ್ನಲ್ಲ ಅಂದವ್ರಲ್ಲ."

"ಅಂಗಾದ್ರೆ ಪರೀಕ್ಸೆ ಯಾಕೆ?"

"ತಿನ್ನಲ್ಲ ಅಂತ ನಾನೂ ನೋಡ್ಬ್ಯಾಡ್ವಾ?"

"ಆಗ ಬೆಂಕಿ ಅಚ್ಚಿ ಅಂತ ಬಡ್ಕೊಂಡೆ. ಈಗ ಆರ್ಸಿ ಅಂತ ಬಡ್ಕೊಬೇಕು. ನನ್ ಬಾಯಿಗೇ ಮೊದ್ಲು ಬೀಗ ಬೀಳ್ತದೆ ಬುಡಿ" ಎಂದು ಅತ್ತೆ ಎದ್ದು ಹೋದರು.

ಮೇ ತಿಂಗಳ ಕೊನೆ, ಜೂನ್, ಜುಲೈ, ಆಗಸ್ಟಿನ ಅರ್ಧ. ಮಾವ ಕನ್ನಡಕ ಹಾಕಿಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತರು. ದಿಲೀಪನೇ ತನಗೆ ಹೆಚ್ಚಾದ ಕೆಲಸವನ್ನು ತಂದುಕೊಟ್ಟ. ಕೆಲಸ ಇಲ್ಲದ ದಿನವೂ ಬೆಳ್ಳಿಯ ಚೂರುಗಳನ್ನು ಸುಮ್ಮನೆ ಬೆಸೆದು, ಬಿಚ್ಚಿ, ಮತ್ತೆ ಬೆಸೆದರು. ಅತ್ತೆ ಅಂಗಡಿಯ ಕಡೆ ಬರುವುದನ್ನೇ ಬಿಟ್ಟರು. ಕಾಫಿಯನ್ನು ಬಾಗಿಲಲ್ಲಿಟ್ಟು ಲೋಟ ಕುಟ್ಟಿ ಹೋಗುತ್ತಿದ್ದರು.

ಆಗಸ್ಟ್ ಹದಿನೆಂಟಕ್ಕೆ ಮತ್ತೆ ಮೈಸೂರು. ಫೋಟೋ ತೆಗೆದ ಮೇಲೆ ವೈದ್ಯೆ ಪರದೆ ನೋಡಿ, "ಹಾಗೇ ಇದೆ. ಏನೂ ಬದಲಾಗಿಲ್ಲ" ಎಂದರು.

ಮಾವ ಹೊಸ ಪ್ರತಿಯನ್ನು ಕೇಳಿ ತೆಗೆದುಕೊಂಡು, ಚೀಲದಿಂದ ಹಳೆಯದನ್ನು ತೆಗೆದರು. ಆಮೇಲೆ ಅಂಗಿಯ ಜೇಬಿನಿಂದ ಒಡವೆ ಅಳೆಯುವ ತಮ್ಮ ಎರಡು ಮೊನೆಯ ಕೈವಾರ ತೆಗೆದರು.

"ತಾಯಿ, ಒಸಿ ಒತ್ತು ಕೂತ್ಕಳ್ಳಾ? ಔಷ್ದಿ ಇಳಿದ್ ಮೇಲೆ ಅಳೀತೀನಿ."

"ಅದು ಇಳಿಯೋದಕ್ಕೆ ನಾಲ್ಕೈದು ಗಂಟೆ ಬೇಕು."

"ಪರ್ವಾಗಿಲ್ಲ."

ಹೊರಗಿನ ಬೆಂಚಿನಲ್ಲಿ ಕೂತರು. ಅತ್ತೆ ತಂದಿದ್ದ ಚಿತ್ರಾನ್ನ ತಿಂದರು. ನಾಲ್ಕೂವರೆಯ ಹೊತ್ತಿಗೆ ಅಕ್ಷರ ಕಾಣತೊಡಗಿತು. ಮೊದಲು ಎರಡೂ ಪ್ರತಿಯ ಹಳದಿ ವೃತ್ತವನ್ನು ಅಳೆದರು. ಒಂದೇ ಅಳತೆ. ಅಂದರೆ ಎರಡು ಚಿತ್ರದ ಗಾತ್ರವೂ ಒಂದೇ. ಆಮೇಲೆ ಸಣ್ಣದರಿಂದ ಶುರುಮಾಡಿ ಒಂದೊಂದು ಚುಕ್ಕೆ. ಹಳೆಯದರ ಮೇಲೆ ಕೈವಾರದ ಮೊನೆಗಳನ್ನು ಇಟ್ಟು, ಅಲುಗಿಸದೆ ಎತ್ತಿ ಹೊಸದರ ಮೇಲೆ ಇಡುವುದು. ಒಂದು ಕೂಡಿತು. ಎರಡು, ಮೂರು. ಎಂಟೂ ಕೂಡಿದವು. ಒಂಬತ್ತನೆಯದು ಕೂಡಲಿಲ್ಲ. ಹೊಸದರಲ್ಲಿ ಅದು ಅರ್ಧದಷ್ಟು ಹೆಚ್ಚು ಅಗಲವಾಗಿತ್ತು.

ಮತ್ತೆ ಅಳೆದರು. ಕೂಡಲಿಲ್ಲ. ಮಾವ ಕೈವಾರವನ್ನು ತೊಡೆಯ ಮೇಲಿಟ್ಟು ಕೂತರು. ಅತ್ತೆಗೆ ಅವರ ಮುಖ ನೋಡಿಯೇ ತಿಳಿಯಿತು. ಅತ್ತೆ ಕಾಗದಗಳೆರಡನ್ನೂ ಕಿತ್ತುಕೊಂಡು, ಸಾಲಿನಲ್ಲಿದ್ದವರನ್ನು ದಾಟಿ ಒಳಗೆ ಹೋದರು. ಮಾವ ಹಿಂದೆ ಹೋದರು.

"ಬದ್ಲಾಗಿಲ್ಲ ಅಂದ್ರಲ್ಲ, ಇದೇನು ಕಣವ್ವ? ಇದ್ ಬೆಳ್ದದಂತೆ!"

ವೈದ್ಯೆ ಕಾಗದ ತೆಗೆದುಕೊಂಡು ನೋಡಿದರು. ಒಂಬತ್ತನೆಯದು ಎಲ್ಲಕ್ಕಿಂತ ಹೊರಗಿನದು. ಹಳೆಯ ಚಿತ್ರದಲ್ಲಿ ಅದು ಅಂಚಿಗೆ ಬಂದು ಅರ್ಧ ಕತ್ತರಿಸಿಹೋಗಿತ್ತು. ಈ ಸಲ ಮಾವ ಕಣ್ಣನ್ನು ಸ್ವಲ್ಪ ಹೆಚ್ಚು ತಿರುಗಿಸಿದ್ದರಿಂದ ಪೂರ್ತಿ ಬಂದಿತ್ತು. ವೈದ್ಯೆ ಮೇ ತಿಂಗಳಲ್ಲಿ ತೆಗೆದ ಉಳಿದ ಚಿತ್ರಗಳನ್ನು ಒಂದೊಂದಾಗಿ ಪರದೆಗೆ ತಂದರು. ನಾಲ್ಕನೆಯದರಲ್ಲಿ ಆ ಚುಕ್ಕೆ ಪೂರ್ತಿ ಇತ್ತು. ಅದರ ಪ್ರತಿ ತೆಗೆದು ಮಾವನ ಕೈಗೆ ಕೊಟ್ಟು, ಎದುರಿನ ಕುರ್ಚಿ ತೋರಿಸಿದರು.

ಮಾವ ಮೊದಲು ಹಳದಿ ವೃತ್ತವನ್ನು ಅಳೆದರು. ಆಮೇಲೆ ಒಂಬತ್ತನೆಯ ಚುಕ್ಕೆಯ ಅಗಲ ಹಿಡಿದರು. ಎತ್ತಿ ಹೊಸದರ ಮೇಲೆ ಇಟ್ಟರು. ಮೊನೆಗಳು ಎರಡು ಅಂಚಿಗೂ ಸರಿಯಾಗಿ ಕೂತವು. ಉದ್ದ ಹಿಡಿದರು. ಅದೂ ಕೂತಿತು.

"ಕೂಡ್ತು" ಎಂದರು.

"ಇನ್ನು ವರ್ಷಕ್ಕೊಂದು ಸಲ ಕನ್ನಡಕದ ನಂಬರು ನೋಡಿಸೋಕೆ ಬನ್ನಿ, ಆಗ ಇದನ್ನೂ ನೋಡ್ತೀನಿ. ಕೈವಾರ ತರೋದು ಮರೀಬೇಡಿ" ಎಂದರು ವೈದ್ಯೆ.

ಹೊರಗೆ ಬಂದ ಮೇಲೆ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಬಸ್ ನಿಲ್ದಾಣದ ಕಡೆ ನಡೆದರು. ಮಾವ ನಿಂತರು.

"ಆ ಕಡೆ ಅಲ್ಲ. ಸಂತೆಪೇಟೆಗೆ ಓಗಾನ ನಡಿ. ಬೆಸುಗೆಗೆ ಅಚ್ಚೋ ಬಿಳಿಗಾರ ಮುಗ್ದೋಗದೆ. ಬೆಳ್ಳಿ ಚೂರ್ಗೆಲ್ಲ ಸುಮ್‌ಸುಮ್ನೆ ಅಚ್ಬುಟ್ಟೆ."

"ಕತ್ಲಾಯ್ತದೆ. ನಮ್ ಪ್ಯಾಟೇಲೇ ತಕ್ಕಂಡ್ರಾಯ್ತು."

"ಇಲ್ಲ, ನಾಳೆ ಬೆಳಗ್ಗೆಗೇ ಬೇಕು. ಎರಡ್ ಜೊತೆ ಕಾಲುಂಗ್ರ ಒಪ್ಕೊಂಡಿದೀನಿ."

ಅತ್ತೆ ಗೊಣಗುತ್ತಲೇ ತಿರುಗಿ ಬಂದರು.